ಹಸಿಮೆಣಸಿನಕಾಯಿ ಯಾರು ಹೆಚ್ಚುತ್ತಾರೆ

ನಿಖಾತ್ ಕೈಯಲ್ಲಿ ಟ್ಯಾಬ್, ನನ್ನ ಕೈಯಲ್ಲಿ ಅವಳ ನೀರಿನ ಬಾಟಲಿ. ಸರ್ವೆ ಶುರುವಾದ ಮೊದಲ ದಿನವೇ ಹೀಗೆ ಹಂಚಿಕೆಯಾಯಿತು. ಯಾರೂ ಹೇಳಿ ಮಾಡಿದ್ದಲ್ಲ. ಶಾಂಭವಿ ಮೇಡಂ ಟ್ಯಾಬನ್ನು ಮೇಜಿನ ಮೇಲಿಟ್ಟರು, ನಿಖಾತ್ ಎತ್ತಿಕೊಂಡಳು. ಆಮೇಲೆ ಮೇಜಿನ ಮೇಲೆ ಉಳಿದದ್ದು ಬಾಟಲಿ ಒಂದೇ.

ಶಾಂಭವಿ ಮೇಡಂ ಮಾಗಡಿಯವರು. ಈಗ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಾರೆ. ರಾಮನಗರದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಹೆಂಗಸರ ಆರೋಗ್ಯದ ಮೇಲೆ ಒಂದು ವರದಿ ಬರೆಯಲು ಬಂದಿದ್ದರು. ವರದಿ ಎಂದರೆ ದಪ್ಪ ಪುಸ್ತಕ, ಅದನ್ನು ಯಾರೂ ಓದುವುದಿಲ್ಲ ಎಂದು ಅವರೇ ನಗುತ್ತಾ ಹೇಳಿದರು. ಅದಕ್ಕೇ ಅದರಿಂದ ಎಂಟು ಪುಟದ ನಿಲುವು ಪತ್ರ ಎಂದು ಬೇರೆ ಮಾಡುತ್ತಾರಂತೆ. ಇಂಥ ತೊಂದರೆ ಇದೆ, ಇದಕ್ಕೆ ಇಂಥದ್ದು ಆಗಬೇಕು ಎಂದು ಇಲಾಖೆಗೆ ನೇರವಾಗಿ ಹೇಳುವ ಬರಹ.

"ಆ ಎಂಟು ಪುಟದಲ್ಲಿ ಯಾವುದು ಇರೋದಿಲ್ವೋ, ಅದು ಊರಲ್ಲೇ ಇಲ್ಲ ಅಂದ ಹಾಗೆ" ಎಂದರು.

ನಿಖಾತ್ ನನ್ನ ಚಾಚಾನ, ಅಂದರೆ ಚಿಕ್ಕಪ್ಪನ ಮಗಳು. ನಿಯಾಜ್ ಚಾಚಾನಿಗೆ ಹತ್ತು ಬೇಸಿನ್ನಿನ ಶೆಡ್ ಇದೆ. ಬೇಸಿನ್ ಎಂದರೆ ಬೆಂದ ಗೂಡುಗಳು ತೇಲುವ ಬಿಸಿನೀರಿನ ತೊಟ್ಟಿ. ಅದಕ್ಕೆ ಬೆರಳು ಹಾಕಿ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡಬೇಕು. ಅಲ್ಲಿ ನಾಲ್ಕನೆಯ ಬೇಸಿನ್ ನಮ್ಮ ಅಮ್ಮಿಯದು. ಎಂಟನೇ ಕ್ಲಾಸಿನವರೆಗೆ ನಾನೂ ನಿಖಾತಳೂ ಒಂದೇ ಬೆಂಚು. ಮನೆಯಲ್ಲಿ ನಮ್ಮದು ಉರ್ದು, ಆದರೆ ನಾವಿಬ್ಬರೂ ಇವತ್ತಿಗೂ ಆ ಬೆಂಚಿನ ಕನ್ನಡದಲ್ಲೇ ಮಾತಾಡಿಕೊಳ್ಳುತ್ತೇವೆ. ಎಂಟನೆಯ ಆ ವರ್ಷ ಅಮ್ಮಿ ಬೆರಳುಗಳಲ್ಲಿ ಕೀವು ತುಂಬಿ ಎರಡು ತಿಂಗಳು ಮನೆಯಲ್ಲಿ ಕೂತಳು. ಅವಳ ಬೇಸಿನ್ನಿಗೆ ನಾನು ಹೋದೆ. ಅಮ್ಮಿ ವಾಸಿಯಾಗಿ ಬಂದಳು, ನನಗೆ ಐದನೆಯ ಬೇಸಿನ್ ಸಿಕ್ಕಿತು. ಬೆಂಚು ಮಾತ್ರ ಮತ್ತೆ ಸಿಗಲಿಲ್ಲ. ನಿಖಾತ್ ಬಿ.ಎ. ಮುಗಿಸಿದಳು.

ಮೇಡಂ ಅವಳನ್ನು ಪ್ರಶ್ನೆ ಕೇಳುವುದಕ್ಕೆ ಇಟ್ಟುಕೊಂಡರು. ನನ್ನನ್ನು ಮನೆಗಳನ್ನು ತೋರಿಸುವುದಕ್ಕೆ.

ನಿಖಾತ್ ಎರಡೇ ದಿನದಲ್ಲಿ "ರೆಸ್ಪಾಂಡೆಂಟ್" ಎನ್ನುವುದನ್ನು ಕಲಿತಳು. ಉತ್ತರ ಹೇಳುವ ಹೆಂಗಸಿಗೆ ಹಾಗೆನ್ನಬೇಕಂತೆ. "ಇವತ್ತು ಎಂಟು ರೆಸ್ಪಾಂಡೆಂಟ್ ಆಯ್ತು ಮೇಡಂ" ಎಂದು ಫೋನಿನಲ್ಲಿ ಹೇಳುವಾಗ ಅವಳ ಕತ್ತು ಒಂದು ಕಡೆಗೆ ವಾಲುತ್ತಿತ್ತು. ನಾನು ಪಾತ್ರೆ ತೊಳೆಯುವಾಗ ಆ ಮಾತನ್ನು ಮೆಲ್ಲಗೆ ಹೇಳಿ ನೋಡಿದೆ. ನನ್ನ ಬಾಯಲ್ಲಿ ಅದು ಕೂರಲಿಲ್ಲ. ಅವಳಿಗೆ ಕೂತಿತ್ತಲ್ಲ ಎಂದು ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜಿದೆ.

ಮೂರನೆಯ ದಿನ ಮೇಡಂ ಒಂದು ಮಾತು ಹೇಳಿದರು. ರಾಮನಗರ ಮುಗಿದ ಮೇಲೆ ಚನ್ನಪಟ್ಟಣದ ಗೊಂಬೆ ಕೆಲಸದವರು, ಆಮೇಲೆ ಕನಕಪುರ, ಮಾಗಡಿ. ಒಂದು ವರ್ಷದ ಕೆಲಸ. ಅದಕ್ಕೆ ಒಬ್ಬ ಸೂಪರ್‌ವೈಸರ್ ಬೇಕು.

"ನಿಮ್ಮಿಬ್ಬರಲ್ಲಿ ಒಬ್ಬರನ್ನ ತಗೋತೀನಿ. ಓದು ಮುಖ್ಯ ಅಲ್ಲ, ಕಣ್ಣು ಮುಖ್ಯ" ಎಂದರು.

ಹೇಳುವಾಗ ಅವರು ನೋಡುತ್ತಿದ್ದದ್ದು ನಿಖಾತಳನ್ನು. ಆದರೂ ಆ ಮಾತನ್ನು ನಾನು ಎತ್ತಿಕೊಂಡೆ. ಒಂದು ವರ್ಷ ಬಿಸಿನೀರಿಗೆ ಕೈ ಹಾಕುವ ಹಾಗಿಲ್ಲ. ಒಂದು ವರ್ಷ ನನ್ನ ಹೆಸರಿನ ಮುಂದೆ ಏನೋ ಒಂದು ಇರುತ್ತದೆ. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಒಟ್ಟು ನಲವತ್ತಾರು ಪ್ರಶ್ನೆಗಳು. ಹದಿನೇಳನೆಯದು ಕೈಯದು.

ಮೊದಲ ಮನೆ ರೇವಮ್ಮನದು. ಚಾಚಾನ ಶೆಡ್ಡಿನಲ್ಲಿ ಮೂರನೆಯ ಬೇಸಿನ್, ಅಮ್ಮಿಯ ಪಕ್ಕದಲ್ಲೇ ಕೂರುವವಳು. ನಿಖಾತ್ ಚಾಪೆಯ ಮೇಲೆ ಕೂತು ಓದಿದಳು: "ಕಳೆದ ಮೂವತ್ತು ದಿನಗಳಲ್ಲಿ ನಿಮ್ಮ ಕೈಗಳಲ್ಲಿ ಉರಿ, ಗಾಯ ಅಥವಾ ಚರ್ಮ ಸುಲಿಯುವ ತೊಂದರೆ ಆಗಿದೆಯೇ?"

"ನನ್ ಕೈಗೇನಾಗೈತವ್ವ? ಚೆನ್ನಾಗೈತೆ" ಎಂದಳು ರೇವಮ್ಮ. "ನಿಮ್ಮಪ್ಪಾರು ನಮ್ಮುನ್ನೆಲ್ಲ ಚೆನ್ನಾಗ್ ನೋಡ್ಕತಾರೆ."

"ಅಪ್ಪನ ವಿಷಯ ಬಿಡಿ ರೇವಮ್ಮ. ಕೈ ಬಗ್ಗೆ ಹೇಳಿ."

"ಅದ್ನೇ ಯೋಳಿದ್ದು. ಏನೂ ಇಲ್ಲ ಬುಡವ್ವ."

ನಿಖಾತ್ ಸ್ವಲ್ಪ ಕಾದಳು, ಇನ್ನೊಂದು ಸಲ ನಿಧಾನವಾಗಿ ಓದಿದಳು, ಆಮೇಲೆ "ಇಲ್ಲ" ಒತ್ತಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ರೇವಮ್ಮ ಟೀ ಲೋಟವನ್ನು ಬೆರಳಿನಿಂದ ಹಿಡಿಯದೆ ಎರಡು ಅಂಗೈಗಳ ನಡುವೆ ಒತ್ತಿಕೊಂಡು ಕುಡಿಯುತ್ತಿದ್ದಳು.

ಮುಂದಿನ ಮನೆಯಲ್ಲೂ ಇಲ್ಲ. ಅದರಾಚೆಯ ಮನೆಯಲ್ಲೂ ಇಲ್ಲ. ಯಾಕೆಂದು ನನಗೆ ಗೊತ್ತಿತ್ತು. ಅವರು ಉತ್ತರ ಹೇಳುತ್ತಿದ್ದದ್ದು ಮೇಡಂಗಲ್ಲ, ನಿಯಾಜ್ ಸಾಹೇಬರ ಮಗಳಿಗೆ. ಬೇರೆ ಶೆಡ್ಡಿನವರೂ ಹಾಗೆಯೇ; ಇವತ್ತು ಆ ಶೆಡ್, ನಾಳೆ ಈ ಶೆಡ್. ಕೈ ಹೋಗಿದೆ ಎಂದು ಮಾಲೀಕರ ಮಗಳ ಮುಂದೆ ಹೇಳಿದವಳಿಗೆ ಬೇಸಿನ್ ಯಾರು ಕೊಡುತ್ತಾರೆ? ಇನ್ನೊಂದು ಕಾರಣವೂ ಇತ್ತು. ಎಲ್ಲರಿಗೂ ಇರುವುದನ್ನು ನಮ್ಮಲ್ಲಿ ಯಾರೂ ತೊಂದರೆ ಎನ್ನುವುದಿಲ್ಲ.

ನಾನು ಹೇಳಲಿಲ್ಲ. ಮೊದಲೆರಡು ದಿನ ಅಂಜಿಕೆಯಿಂದ. ಆಮೇಲೆ ಬೇರೆ ಕಾರಣದಿಂದ. ನಿಖಾತ್ ಒಂದೊಂದು "ಇಲ್ಲ" ಒತ್ತಿದಾಗಲೂ ನನ್ನೊಳಗೆ ಒಂದು ತಣ್ಣನೆಯ ಖುಷಿ ಇಳಿಯುತ್ತಿತ್ತು. ಒತ್ತು, ಇನ್ನೂ ಒತ್ತು. ನೀನು ತುಂಬುತ್ತಿರುವುದೆಲ್ಲ ಸುಳ್ಳು. ಒಂದು ದಿನ ಮೇಡಂಗೆ ಗೊತ್ತಾಗುತ್ತದೆ, ಅವತ್ತು ನಿನ್ನ ಕತ್ತು ಎತ್ತ ವಾಲುತ್ತದೋ ನೋಡುತ್ತೇನೆ.

ಅವಳು ಕೆಟ್ಟದಾಗಿ ಕೇಳುತ್ತಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಚೆನ್ನಾಗಿ ಕೇಳುತ್ತಿದ್ದಳು. ಮಗು ಅತ್ತರೆ ನಿಲ್ಲಿಸುತ್ತಿದ್ದಳು. ಉತ್ತರ ಹೇಳುವವಳ ಅತ್ತೆ ಬಂದು ಕೂತರೆ "ಖಾಲಾ, ಒಂದು ಲೋಟ ನೀರು" ಎಂದು ಒಳಗೆ ಕಳಿಸಿಬಿಡುತ್ತಿದ್ದಳು, ನೀರಿನ ಬಾಟಲಿ ನನ್ನ ಕೈಯಲ್ಲೇ ಇದ್ದರೂ. ಹೊರಗೆ ಬಂದ ಮೇಲೆ ನನ್ನನ್ನು ಕೀಟಲೆ ಮಾಡುತ್ತಿದ್ದಳು.

"ಏ ಹಾಜೂ, ಹಂಗೆ ಗೋಡೆಗೆ ಒರಗಿ ನಿಂತ್ರೆ ಗೋಡೆ ಅಂತ ತಿಳ್ಕೊಂಡು ಕ್ಯಾಲೆಂಡರ್ ನೇತಾಕ್ತಾರೆ. ಒಸಿ ನಗು."

ನಾನು ನಕ್ಕೆ. ನಗುವಾಗ ಎಷ್ಟು "ಇಲ್ಲ"ಗಳಾದವು ಎಂದು ಮನಸ್ಸಿನಲ್ಲೇ ಎಣಿಸಿದೆ.

ನೂರು ಮನೆಗಳಾದ ದಿನ ಮೇಡಂ ನಿಖಾತ್ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರು. ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ. ಇವತ್ತು ಸಿಕ್ಕಿಬೀಳುತ್ತಾಳೆ ಎಂದೇ ಎಣಿಸಿದ್ದೆ.

"ಕೈ ತೊಂದರೆ ನೂರಕ್ಕೆ ನಾಲ್ಕೇ" ಎಂದರು ಮೇಡಂ. "ನಾನು ಜಾಸ್ತಿ ಇರುತ್ತೆ ಅಂದ್ಕೊಂಡಿದ್ದೆ. ಸರಿ, ಒಳ್ಳೇ ಸುದ್ದೀನೇ. ಹಾಗಾದ್ರೆ ನಿಲುವು ಪತ್ರದಲ್ಲಿ ಕೈಗವಸು, ಮುಲಾಮು, ತಿಂಗಳಿಗೊಮ್ಮೆ ಡಾಕ್ಟರು, ಆ ಭಾಗ ತೆಗೆದುಬಿಡ್ತೀನಿ. ಹೊಗೆ, ಕಣ್ಣುರಿ, ಇವೆರಡನ್ನೇ ಒತ್ತಿ ಹೇಳೋಣ."

ನಿಯಾಜ್ ಚಾಚಾ ಒಳಗಿನಿಂದಲೇ, "ನಮ್ಮ ಕಡೆ ಎಲ್ಲಾ ನೀಟಾಗೈತೆ ಮೇಡಂ" ಎಂದು ಕೂಗಿದರು.

"ನಿಖಾತ್, ಒಂದು ಖಾನೆಯನ್ನೂ ನೀನು ಖಾಲಿ ಬಿಟ್ಟಿಲ್ಲ ಕಣೇ. ಇಷ್ಟು ಚೊಕ್ಕ ಕೆಲಸ ನನ್ನ ವಿದ್ಯಾರ್ಥಿನಿಯರೂ ಮಾಡಲ್ಲ" ಎಂದರು ಮೇಡಂ.

ಸುಳ್ಳು ಉತ್ತರಗಳು ಲ್ಯಾಪ್‌ಟಾಪಿನಲ್ಲಿ ಇಷ್ಟು ಚೆನ್ನಾಗಿ ಕಾಣುತ್ತವೆ ಎಂದು ನನಗೇನು ಗೊತ್ತಿತ್ತು? ಅವಳನ್ನು ಬೀಳಿಸುತ್ತದೆ ಎಂದು ನಾನು ಸುಮ್ಮನಿದ್ದೆ. ಆ ಸುಮ್ಮನಿರುವಿಕೆಯೇ ಅವಳನ್ನು ಎತ್ತಿ ಕೂರಿಸಿತ್ತು.

ಮಾರನೆಯ ದಿನ ನಿಖಾತ್ ಒಂದು ವಾರದ ರಜೆ ಕೇಳಿ ಬಿಡದಿಗೆ ಹೋದಳು. ಅಲ್ಲಿನ ಫ್ಯಾಕ್ಟರಿಯಲ್ಲಿರುವ ಅವಳ ಮಾಮುವಿನ ಮಗ ಫರ್ಹಾನನ ಮದುವೆ. ಮೇಡಂ ಚನ್ನಪಟ್ಟಣದ ಕೆಲಸವನ್ನು ಒಂದು ಸಲ ನೋಡಿಬರಬೇಕಿತ್ತು. "ನೀನು ಬಾ" ಎಂದು ನನ್ನನ್ನು ಕರೆದರು.

ಬಸ್ಸಿನಲ್ಲಿ ನಾನು ಕಿಟಕಿ ಪಕ್ಕ, ಅವರು ನನ್ನ ಪಕ್ಕ. ಬಸ್ ಸ್ಟ್ಯಾಂಡಿನಿಂದಲೇ ಒಂದು ವಾಕ್ಯವನ್ನು ಬಾಯೊಳಗೆ ಜೋಡಿಸಿಕೊಳ್ಳುತ್ತಿದ್ದೆ. ಕಂಡಕ್ಟರ್ ಬಂದರು, ವಾಕ್ಯ ಕದಡಿತು. ಮತ್ತೆ ಜೋಡಿಸಿದೆ.

"ಮೇಡಂ, ಕೈ ಹೆಂಗಿದೆ ಅಂತ ಕೇಳಬೇಡಿ."

ಅವರು ತಿರುಗಿ ನೋಡಿದರು. ಅಷ್ಟು ದಿನದಲ್ಲಿ ನಾನಾಗಿ ಆಡಿದ ಮೊದಲ ಮಾತು ಅದು.

"ಮತ್ತೆ ಏನು ಕೇಳಲಿ?"

"ಮನೇಲಿ ಹಸಿಮೆಣಸಿನಕಾಯಿ ಯಾರು ಹೆಚ್ತಾರೆ ಅಂತ ಕೇಳಿ."

"ಅರ್ಥ ಆಗಲಿಲ್ಲ ಹಾಜಿರಾ."

"ಗೂಡಿನ ನೀರಲ್ಲಿ ನೆಂದು ಸುಲಿದ ಬೆರಳಿಗೆ ಮೆಣಸಿನಕಾಯಿ ತಾಕಿದ್ರೆ ಪ್ರಾಣ ಹೋಗುತ್ತೆ ಮೇಡಂ. ಬೇಸಿನ್ನಿಗೆ ಕೂರೋರು ಅಡುಗೆ ಎಲ್ಲಾ ಮಾಡ್ತಾರೆ, ಅದೊಂದನ್ನ ಮಾತ್ರ ಬೇರೆಯವರ ಕೈಲಿ ಮಾಡಿಸ್ತಾರೆ. ನಮ್ಮನೇಲಿ ಅಬ್ಬಾ ಹೆಚ್ತಾರೆ. ಕೈ ಬಗ್ಗೆ ಕೇಳಿದ್ರೆ ಅದು ಮಾಲೀಕರ ಮಾತಾಗುತ್ತೆ. ಮೆಣಸಿನಕಾಯಿ ಕೇಳಿದ್ರೆ ಅಡುಗೆ ಮಾತು. ಅಡುಗೆ ಮಾತಿಗೆ ಯಾರೂ ಹೆದರಲ್ಲ."

ಮೇಡಂ ಚೀಲದಿಂದ ನೋಟ್‌ಬುಕ್ ತೆಗೆದು, ಬಸ್ಸು ಕುಲುಕುತ್ತಿದ್ದರೂ ಬರೆದುಕೊಂಡರು. ನನ್ನ ಮಾತು ಬೇರೆಯವರ ಅಕ್ಷರದಲ್ಲಿ ಮೂಡುವುದನ್ನು ನಾನು ಓರೆಗಣ್ಣಿನಲ್ಲಿ ನೋಡಿದೆ. ನಿಖಾತಳ ಒಂದು ಮಾತನ್ನೂ ಅವರು ಹೀಗೆ ಬರೆದುಕೊಂಡಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?"

"ನನ್ನ ಯಾರೂ ಕೇಳಲಿಲ್ಲ ಮೇಡಂ."

ಅದು ಅರ್ಧ ನಿಜ. ಉಳಿದರ್ಧವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.

ಮೇಡಂ ಆ ಪ್ರಶ್ನೆಯನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ಮೆಣಸಿನಕಾಯಿಯನ್ನು ಬೇರೆಯವರು ಹೆಚ್ಚುವುದಕ್ಕೆ ನೂರು ಕಾರಣ ಇರಬಹುದು, ಅದಕ್ಕೇ ಬೇಸಿನ್ನಿಗೆ ಕೈ ಹಾಕದವರ ಮನೆಗಳಲ್ಲೂ ಕೇಳಿ ಹೋಲಿಸಬೇಕು ಎಂದರು. ನಿಖಾತ್ ಕೇಳಿದ್ದ ಮನೆಗಳಲ್ಲೇ ನಲವತ್ತು, ರೇಷ್ಮೆ ಕೆಲಸವಿಲ್ಲದ ಮನೆಗಳು ಇಪ್ಪತ್ತು. ಪಟ್ಟಿ ಮಾಡಿ ನನ್ನ ಕೈಗೆ ಕೊಟ್ಟರು. "ಈ ಸಲ ನೀನೇ ಕೇಳು."

ಮೊದಲ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತೆ. ಆ ಮನೆಯ ಆಯಿಷಾಳೇ ಮಾತು ತೆಗೆದಳು.

"ಏನಮ್ಮ ಬಾಟಲಿ ಹುಡುಗಿ, ಇವತ್ತು ಒಬ್ಳೇ?"

"ಆಪಾ, ನಿಮ್ಮನೇಲಿ ಹಸಿಮೆಣಸಿನಕಾಯಿ ಯಾರು ಹೆಚ್ತಾರೆ?"

"ಇದೂ ಸರ್ವೇನಾ?" ಎಂದು ಬಿದ್ದು ಬಿದ್ದು ನಕ್ಕಳು. "ಅತ್ತೆ ಹೆಚ್ತಾರೆ. ನಾಲ್ಕು ಮೆಣಸಿನಕಾಯಿ ಹೆಚ್ಚಿ ನಲವತ್ತು ಮಾತು ಅಂತಾರೆ. ಇದನ್ನೂ ಬರ್ಕೋ."

ರೇವಮ್ಮ ಮಾತ್ರ ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. "ನಾ ಮೆಣಸಿನಕಾಯಿ ಮುಟ್ಟಿ ಆರ್ ವರ್ಸ ಆಯ್ತು ಕಣ್ ಮಗ. ನಮ್ಮನೆಯೋನೇ ಕುಯ್ಕೊಡೋದು. ಯಾರ್ಗೂ ಯೋಳ್ಬುಟ್ಟೀಯ! ಬೀದೀಲಿ ಮೀಸೆ ತಿರುವ್ಕೊಂಡ್ ಓಡಾಡ್ತಾನೆ, ಮರ್ವಾದಿ ಹೋಯ್ತದೆ ಪಾಪ."

ಮೂರು ದಿನದಲ್ಲಿ ಅರವತ್ತು ಮನೆಗಳೂ ಮುಗಿದವು. ನೂಲು ಬಿಚ್ಚುವವರ ನಲವತ್ತು ಮನೆಗಳಲ್ಲಿ ಮೂವತ್ತಮೂರರಲ್ಲಿ ಬೇರೆ ಯಾರೋ ಹೆಚ್ಚುತ್ತಿದ್ದರು, ಇಲ್ಲವೇ ಹಸಿಮೆಣಸಿನಕಾಯಿಯನ್ನೇ ಬಿಟ್ಟು ಚಮಚದಲ್ಲಿ ಖಾರದ ಪುಡಿ ಹಾಕುತ್ತಿದ್ದರು. ಇನ್ನಿಪ್ಪತ್ತು ಮನೆಗಳಲ್ಲಿ ಅಂಥವು ಎರಡು. ಒಬ್ಬಳದು ಬಾಣಂತನ, ಇನ್ನೊಬ್ಬಳು ಬೆರಳು ಕುಯ್ದುಕೊಂಡಿದ್ದಳು.

ಹಾಳೆಗಳನ್ನು ಎದೆಗೊತ್ತಿಕೊಂಡು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋದೆ. ಮೇಡಂ ಅಲ್ಲಿ ಕಾಯುತ್ತಿದ್ದರು. ಅವರು ನನ್ನ ಹಾಳೆಗಳನ್ನೂ ನಿಖಾತ್ ತುಂಬಿದ್ದನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ನಗು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಅದೇ ನಲವತ್ತು ಮನೆ" ಎಂದರು. "ನಿಖಾತ್ ಹತ್ತಿರ ಹೌದು ಅಂದೋರು ಒಬ್ಬರು. ನಿನ್ನ ಹತ್ತಿರ ಮೂವತ್ತಮೂರು. ಇಷ್ಟೊಂದು ಅಂತರ ಬರಬಾರದು ಹಾಜಿರಾ. ಮನೇಲಿ ಕೂತು ತಮಗೆ ತೋಚಿದ್ದನ್ನ ಒತ್ತಿ ಕಳಿಸೋರನ್ನ ನಾನು ಬೇಕಾದಷ್ಟು ಕಂಡಿದ್ದೀನಿ. ನೀನು ಪ್ರತಿ ಮನೇಲೂ ಜೊತೆಗಿದ್ದೆ. ನಿಜ ಹೇಳು. ಅವಳು ಹದಿನೇಳನೇ ಪ್ರಶ್ನೆ ಕೇಳಿದ್ಲಾ, ಇಲ್ವಾ?"

ನಾನು ಏನೂ ಹೇಳಬೇಕಾಗಿರಲಿಲ್ಲ. ತಲೆ ತಗ್ಗಿಸಿದ್ದರೆ ಸಾಕಿತ್ತು. ಅಕ್ಕನಂಥವಳ ಮೇಲೆ ಚಾಡಿ ಹೇಳಲಾರದೆ ಹುಡುಗಿ ಸುಮ್ಮನಿದ್ದಾಳೆ ಎಂದು ಅವರೇ ತಿಳಿದುಕೊಳ್ಳುತ್ತಿದ್ದರು. ಒಂದು ವರ್ಷದ ಕೆಲಸ ಆ ಮೇಜಿನ ಮೇಲೆ, ಎರಡು ಕಾಫಿ ಲೋಟಗಳ ನಡುವೆ ಇತ್ತು. ನನ್ನ ತಲೆ ಅರ್ಧ ತಗ್ಗಿಯೂ ಬಿಟ್ಟಿತ್ತು.

ಆಗ ಇನ್ನೊಂದು ಹೊಳೆಯಿತು. ನಿಖಾತ್ ಕೇಳಿಯೇ ಇಲ್ಲ ಎಂದರೆ ಮೇಡಂ ಏನು ಮಾಡುತ್ತಾರೆ? ಬೆಂಗಳೂರಿನಿಂದ ಇನ್ನೊಬ್ಬಳನ್ನು ಕರೆಸಿ ಅದೇ ಹದಿನೇಳನೇ ಪ್ರಶ್ನೆಯನ್ನು ಸರಿಯಾಗಿ ಕೇಳಿಸುತ್ತಾರೆ. ತಪ್ಪು ಪ್ರಶ್ನೆಯದಲ್ಲ, ಕೇಳಿದವಳದು ಎಂದಾಗುತ್ತದೆ. ಆಗ ನನ್ನ ಮೆಣಸಿನಕಾಯಿ ಯಾರಿಗೆ ಬೇಕು? ಬಸ್ಸಿನಲ್ಲಿ ಬರೆದುಕೊಂಡ ಆ ಹಾಳೆ ಒಂದು ತಮಾಷೆಯಾಗಿ ಉಳಿಯುತ್ತದೆ. ನಿಖಾತ್ ಅಷ್ಟು ಚೆನ್ನಾಗಿ ಕೇಳಿಯೂ ಸಿಗದ ಉತ್ತರ ನನ್ನ ಪ್ರಶ್ನೆಗೆ ಸಿಕ್ಕಿತು ಎಂದಾದರೆ ಮಾತ್ರ ನನ್ನದಕ್ಕೆ ಬೆಲೆ. ನನ್ನ ಪ್ರಶ್ನೆ ನಿಲ್ಲಬೇಕಾದರೆ ಅವಳು ಒಳ್ಳೆಯ ಕೆಲಸಗಾತಿ ಆಗಿರಲೇಬೇಕಿತ್ತು. ನನ್ನ ಹೊಟ್ಟೆ ಅಷ್ಟು ದಿನ ಉರಿದದ್ದು ಒಂದು ತೂಕ, ಆ ಕ್ಷಣ ಉರಿದದ್ದೇ ಒಂದು ತೂಕ.

"ಕೇಳಿದ್ಲು ಮೇಡಂ" ಎಂದೆ. "ಪ್ರತಿ ಮನೇಲೂ ಕೇಳಿದ್ಲು. ಕೆಲವು ಕಡೆ ಎರಡೆರಡು ಸಲ. ಅವರೇ ಇಲ್ಲ ಅಂದ್ರು."

ಮೇಡಂ ಪೆನ್ನು ಕೆಳಗಿಟ್ಟರು.

"ಅಂದ್ರೆ ಅವರು ನಿಜ ಹೇಳ್ತಿಲ್ಲ ಅಂತ ನಿನಗೆ ಅಲ್ಲೇ ಗೊತ್ತಿತ್ತು."

ನಾನು ತಲೆಯಾಡಿಸಿದೆ.

"ಎಷ್ಟನೇ ಮನೆಯಿಂದ?"

"ಮೊದಲನೇ ಮನೆಯಿಂದ."

ಅವರ ಕಾಫಿಯ ಮೇಲೆ ಕೆನೆ ಕಟ್ಟಿತು.

"ಆ ಎಂಟು ಪುಟ ಹೋಗೇ ಬಿಟ್ಟಿದ್ರೆ?" ಎಂದರು ಮೇಡಂ. ದನಿ ಏರಿರಲಿಲ್ಲ. "ನಾನು ಕೈಗವಸಿನ ಭಾಗ ತೆಗೀತೀನಿ ಅಂದಾಗ ನೀನು ಅಲ್ಲೇ ಟೀ ಹಿಡ್ಕೊಂಡು ನಿಂತಿದ್ದೆ. ನಿಮ್ಮಮ್ಮನ ಕೈಯೂ ಅದರಲ್ಲಿತ್ತಲ್ಲ ಹಾಜಿರಾ."

ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ ಒಂದೇ ಒಂದು ಹೆಸರು, ನಿಖಾತಳದು. ಅದನ್ನು ಹೇಳಲಾರದೆ ಮೇಜಿನ ಮೇಲಿನ ನೀರನ್ನು ಬೆರಳಿನಿಂದ ಗೀಚಿದೆ.

ಅವರು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಎರಡು ಅಂಕಿಗಳನ್ನೂ ನಿಲುವು ಪತ್ರದಲ್ಲಿ ಅಕ್ಕಪಕ್ಕ ಹಾಕುತ್ತೇನೆ, ನೇರವಾಗಿ ಕೇಳಿದರೆ ಇಷ್ಟು, ಅಡುಗೆಮನೆಯಿಂದ ಕೇಳಿದರೆ ಇಷ್ಟು ಎಂದರು. ಕೈಯ ಭಾಗ ಮೊದಲ ಪುಟಕ್ಕೆ ಬರುತ್ತದೆ ಎಂದರು. ಬಾಗಿಲ ತನಕ ಹೋಗಿ ತಿರುಗಿ ಬಂದರು.

"ಸೂಪರ್‌ವೈಸರ್ ಕೆಲಸ ನಿಖಾತ್‌ಗೆ ಕೊಡ್ತೀನಿ. ಕಂಡಿದ್ದನ್ನ ನೂರು ಮನೆ ತನಕ ಒಳಗೇ ಇಟ್ಕೊಳ್ಳೋರ ಕೈಲಿ ನಾನು ಮೂರು ತಾಲ್ಲೂಕು ಕೊಡೋಕಾಗಲ್ಲ. ಮೊದಲನೇ ಮನೆಯಿಂದ ನಿನಗೆ ಗೊತ್ತಿತ್ತು ಅನ್ನೋದನ್ನ ಅವಳಿಗೆ ಹೇಳಲ್ಲ."

ಎರಡು ದಿನ ನಾನು ಐದನೇ ಬೇಸಿನ್ನಿಗೆ ಹೋಗಿ ಕೂತೆ. ಪಕ್ಕದಲ್ಲಿ ಅಮ್ಮಿ ಎಳೆಯ ತುದಿ ಹುಡುಕುತ್ತಿದ್ದಳು. ಸಂಜೆ ಅಬ್ಬಾ ಮೆಣಸಿನಕಾಯಿ ಹೆಚ್ಚಿದರು. ನಾನು ಅತ್ತ ನೋಡಲಿಲ್ಲ.

ಮೂರನೆಯ ದಿನ ಮದುವೆಯ ಲಾಡಿನ ಡಬ್ಬ ಹಿಡಿದು ನಿಖಾತ್ ನಮ್ಮ ಮನೆಗೆ ಬಂದಳು. ಗೋರಂಟಿ ಇನ್ನೂ ಕೆಂಪಗಿತ್ತು.

"ಸೂಪರ್‌ವೈಸರ್ ಬಂದವ್ಳೆ, ಎದ್ದು ನಿಂತ್ಕೊಳೇ" ಎಂದು ನನ್ನ ಭುಜಕ್ಕೆ ಗುದ್ದಿ ಪಕ್ಕದಲ್ಲಿ ಕೂತಳು. "ಮೇಡಂ ನಿನ್ ಪ್ರಶ್ನೆ ಹೇಳಿದ್ರು. ಮೆಣಸಿನಕಾಯಿ! ನಿನ್ ತಲೇಗೆ ಹೆಂಗ್ ಹೊಳೀತೇ ಅದು?" ಆಮೇಲೆ ಡಬ್ಬವನ್ನು ನಮ್ಮಿಬ್ಬರ ನಡುವೆ ಇಟ್ಟಳು. "ನಾನು ಅಷ್ಟು ಚೆನ್ನಾಗಿ ಕೇಳಿದ್ನಲ್ಲ ಹಾಜೂ. ನಂಗ್ಯಾಕೆ ಸುಳ್ಳು ಹೇಳಿದ್ರು?"

"ನೀನು ಚಾಚಾನ ಮಗಳಲ್ವಾ."

ಅವಳು ಲಾಡಿನ ಡಬ್ಬದ ಮುಚ್ಚಳವನ್ನು ತೆಗೆದಳು, ಹಾಕಿದಳು. ಹೋಟೆಲಿನಲ್ಲಿ ಏನು ನಡೆಯಿತು, ನಿನ್ನನ್ನು ಉಳಿಸಿದವಳು ಯಾರು ಎಂದು ಹೇಳುವ ಆಸೆಯಾಯಿತು. ಹೇಳಿದ್ದರೆ ಯಾಕೆ ಉಳಿಸಿದೆ ಎನ್ನುವುದನ್ನೂ ಹೇಳಬೇಕಾಗುತ್ತಿತ್ತು. ಒಂದು ಲಾಡು ಬಾಯಿಗೆ ಹಾಕಿಕೊಂಡೆ.

"ಸೋಮವಾರದಿಂದ ಚನ್ನಪಟ್ಟಣ" ಎಂದಳು. "ಗೊಂಬೆ ಕೆಲಸದೋರೂ ಹಿಂಗೇ ಬಾಯಿ ಬಿಡಲ್ಲ ಅಂತಾರೆ ಮೇಡಂ. ನೀನೂ ಬಾ. ದಿನಗೂಲಿ ಕೊಡಿಸ್ತೀನಿ. ಏನ್ ಕೇಳ್ಬೇಕು ಅಂತ ನಂಗೆ ಹೇಳ್ಕೊಟ್ರೆ ಸಾಕು."

"ಬತ್ತೀನಿ. ಆದ್ರೆ ಕೇಳೋದು ನಾನು. ನೀನು ಪಕ್ಕದಲ್ಲಿ ಕೂತು ಒತ್ತು."

ಅವಳು ನಕ್ಕಳು. "ನೀನಾ? ನೀನು ಮಾತಾಡ್ತೀಯಾ?"

"ಅರವತ್ ಮನೇಲಿ ಮಾತಾಡಿವ್ನಿ."

"ಸೂಪರ್‌ವೈಸರ್ ನಾನು ಕಣೇ."

"ನೀನೇ. ಕೇಳೋದು ನಾನು."

ನಾನು ಅಷ್ಟು ನೇರವಾಗಿ ಅವಳ ಮುಖ ನೋಡಿ ಮಾತಾಡಿದ್ದು ಬೆಂಚು ಬಿಟ್ಟ ಮೇಲೆ ಅದೇ ಮೊದಲು. "ಮೇಡಂನೇ ಕೇಳಾಣ ಇರು" ಎಂದು ಅವಳು ಫೋನ್ ಮಾಡಿದಳು, ಸ್ಪೀಕರ್ ಹಾಕಿದಳು. ಮೇಡಂ ಬೈಯುತ್ತಾರೆ, ನಾನೂ ಕೇಳಲಿ ಎಂದು ಹಾಕಿದ್ದಿರಬೇಕು.

ಮೇಡಂ ಎಲ್ಲ ಕೇಳಿಸಿಕೊಂಡರು. "ಅವಳೇ ಕೇಳಲಿ ನಿಖಾತ್. ಅವಳ ಹತ್ತಿರ ಜನ ಮಾತಾಡ್ತಾರೆ. ಆದರೆ ಒಂದು ಷರತ್ತು. ಪ್ರತಿ ದಿನ ಸಂಜೆ ಅವಳು ಕಂಡಿದ್ದನ್ನೆಲ್ಲ ನಿನಗೆ ಹೇಳಬೇಕು, ಒಂದನ್ನೂ ಬಚ್ಚಿಡಬಾರದು. ನೀನು ಅದನ್ನ ಅವಳ ಹೆಸರಲ್ಲೇ ಬರೆದು ನನಗೆ ಕಳಿಸಬೇಕು. ಕೇಳಿಸ್ತಾ ಇದೆಯಾ ಹಾಜಿರಾ?"

"ಕೇಳಿಸ್ತು ಮೇಡಂ."

ನಿಖಾತ್ ಫೋನ್ ಇಟ್ಟಳು. ತುಟಿ ನಗುತ್ತಿತ್ತು, ಕಣ್ಣು ಬಾಗಿಲ ಕಡೆ ಇತ್ತು. ಆ ಮುಖವನ್ನು ನಾನು ಚೆನ್ನಾಗಿ ಬಲ್ಲೆ. ಇಷ್ಟು ದಿನ ಅದನ್ನು ಒಳಗಿನಿಂದ ಬಲ್ಲವಳಾಗಿದ್ದೆ, ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಈಗ ನೋಡಿದೆ.

"ಎಂಟೂವರೆ ಬಸ್ಸು" ಎಂದಳು ಎದ್ದು ನಿಂತು. "ಲೇಟ್ ಮಾಡ್ಬ್ಯಾಡ."

ನಾನು ಡಬ್ಬದಿಂದ ಇನ್ನೊಂದು ಲಾಡು ತೆಗೆದುಕೊಂಡೆ.